ನೀವು ಯಾರ ಪೈಕಿ?

ನಮ್ಮ ಕಡೆ ಹೊಸಬರ ಪರಿಚಯವಾದರೆ ಅವರ ಹೆಸರು ಕೇಳಿ ಮುಗಿಯುವ ಮೊದಲೇ ‘ಯಾರ ಪೈಕಿ?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂತಿರುತ್ತದೆ. ಇದು ಹಳೆಯ ಕಾಲದ ಚಟ, ಮುಂದುವರಿದ ದೇಶಗಳಲ್ಲಿ ಯಾರೂ ಹೀಗೆ ಕೇಳುವುದಿಲ್ಲ ಎಂದು ಬೀಗುವವರಿದ್ದಾರೆ. ಅಂಥವರನ್ನು ಅಮೆರಿಕದ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಭಕ್ತಾದಿಗಳ ನಡುವೆ ಅರ್ಧ ಗಂಟೆ ಕೂರಿಸಬೇಕು. ಜಾತಿ, ಮೈಬಣ್ಣ, ದೇಶ, ದುಡ್ಡು ಇವುಗಳ ಗೊಡವೆ ಕಳೆದುಕೊಂಡ ಮನುಷ್ಯರು ಒಂದೇ ಹಡಗಿನಲ್ಲಿ ನಕ್ಷತ್ರಲೋಕ ಸುತ್ತುವ ಕಥೆ ಅದು. ಅದನ್ನು ಕಣ್ಣು ತೇವ ಮಾಡಿಕೊಂಡು ನೋಡಿ ಎದ್ದ ಭಕ್ತ ಮಾಡುವ ಮೊದಲ ಕೆಲಸವೇ ಪಕ್ಕದ ಭಕ್ತ ಯಾರ ಪೈಕಿ ಎಂದು ವಿಚಾರಿಸುವುದು. ಟ್ರೆಕ್ಕಿಯೋ, ಟ್ರೆಕ್ಕರೋ? ಹಳೆಯ ಕ್ಯಾಪ್ಟನ್ ಕರ್ಕನ ಕಡೆಯವರೋ, ಹೊಸ ಕ್ಯಾಪ್ಟನ್ ಪಿಕಾರ್ಡನ ಕಡೆಯವರೋ? ಹಳೆಯದೊಂದನ್ನೇ ಒಪ್ಪುವವರೋ, ಹೊಸದನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವರೋ?

ನನ್ನ ಸೋದರಳಿಯ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದಾನೆ. ಅವನ ಮನೆಯ ಹಾಲಿನಲ್ಲಿ ದೇವರ ಪಟಕ್ಕಿಂತ ಒಂದು ಗೇಣು ಮೇಲೆ ಎಂಟರ್‌ಪ್ರೈಸ್ ಎಂಬ ಆ ಹಡಗಿನ ಮಾದರಿ ತೂಗುತ್ತದೆ. ಅವನಮ್ಮ, ಅಂದರೆ ನಮ್ಮಕ್ಕ, ಯಾವುದೋ ಮದುವೆಮನೆಯಲ್ಲಿ ಬೀಗರ ಕಡೆಯವರಿಗೆ ‘ನನ್ನ ಮಗ ಟ್ರೆಕ್ಕರ್ ಕಣ್ರೀ’ ಎಂದಿದ್ದಳು. ‘ಹೌದಾ? ಕುಮಾರ ಪರ್ವತ ಹತ್ತಿದಾನಾ?’ ಎಂದು ಅವರು ಕೇಳಿದರು. ‘ಅಯ್ಯೋ, ಅವನು ಮಹಡಿ ಮೆಟ್ಟಿಲೂ ಹತ್ತಲ್ಲ, ಎಲ್ಲಾ ಸೋಫಾ ಮೇಲೇನೇ’ ಎಂದು ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಈ ವಿಷಯ ತೆಗೆದು ಅವನನ್ನು ವಿಡಿಯೊ ಕಾಲಿನಲ್ಲಿ ಕೆಣಕಿದೆ. ‘ಟ್ರೆಕ್ಕಿ ಅಂದ್ರೆ ನಿಂಗೇನೋ ಆಗುತ್ತೆ?’

‘ಹಾಗನ್ಬೇಡಿ ಮಾವ. ಟ್ರೆಕ್ಕಿ ಅಂದ್ರೆ ರಬ್ಬರ್ ಕಿವಿ ಅಂಟಿಸ್ಕೊಂಡು ಓಡಾಡೋ ಜನ. ನಾವು ಟ್ರೆಕ್ಕರ್.’

‘ನಿನ್ ಹತ್ರ ಆ ಕಿವಿ ಇಲ್ವೇನೋ?’

‘ಇದೆ. ಆದ್ರೆ ಕನ್ವೆನ್ಷನ್‌ಗೆ ಮಾತ್ರ ಹಾಕ್ಕೊಳ್ಳೋದು.’

ಈ ಉತ್ತರಕ್ಕೆ ನಾನು ಮನಸಾರೆ ಕೈಮುಗಿದೆ. ಅಭಿಮಾನಿಗಳ ಪಂಗಡಶಾಸ್ತ್ರವೆಲ್ಲ ಇಷ್ಟರಲ್ಲೇ ಇದೆ. ಹುಚ್ಚು ಹಿಡಿದವನಿಗೆ ಬೇಕಾದದ್ದು ಔಷಧಿಯಲ್ಲ, ತನಗಿಂತ ಒಂದು ಸುತ್ತು ಹೆಚ್ಚು ಹುಚ್ಚು ಹಿಡಿದ ಇನ್ನೊಬ್ಬ. ಅವನನ್ನು ತೋರಿಸಿ ‘ನಾನು ಅಷ್ಟಿಲ್ಲಪ್ಪ’ ಎಂದುಬಿಟ್ಟರೆ ರಾತ್ರಿ ಸುಖನಿದ್ರೆ.

ಈ ಏಣಿಗೆ ಮೊದಲ ಮೆಟ್ಟಿಲು ಹಾಕಿದವರು ಪುಸ್ತಕದ ಜನ. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಟಿವಿಯಲ್ಲಿ ಮೊದಲ ಕಂತು ಬರುವುದಕ್ಕೆ ಕೆಲವೇ ದಿನ ಮುಂಚೆ, ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ತನ್ನ ಕೂಸನ್ನು ಕ್ಲೀವ್‌ಲೆಂಡಿನಲ್ಲಿ ನಡೆದ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಎತ್ತಿಕೊಂಡು ಹೋಗಿ ತೋರಿಸಿದ್ದ. ಹೈನ್‌ಲೈನ್, ಅಸಿಮೋವ್, ಕ್ಲಾರ್ಕ್ ಮುಂತಾದ ಲೇಖಕರನ್ನು ಓದುತ್ತ ಹಳೆಯ ಪತ್ರಿಕೆಗಳ ರಾಶಿಯಲ್ಲೇ ಬೆಳೆದ ಹಿರಿಯರ ಕೂಟ ಅದು. ಮರುವರ್ಷ ಅಂಥದೇ ಕೂಟಗಳಲ್ಲಿ ಸರಣಿಯ ಸ್ಪಾಕ್ ಎಂಬ ಪಾತ್ರದಂತೆ ಚೂಪು ಕಿವಿ ಧರಿಸಿದ ಹೊಸ ಜನ ಕಾಣಿಸಿಕೊಂಡರು. ಅವರನ್ನು ನೋಡಿ ಸಂಪಾದಕ ಆರ್ಟ್ ಸಾಹಾ ‘ಟ್ರೆಕ್ಕಿಗಳು’ ಎಂದರೆಂದು ಆ ಹೆಸರಿನ ಚರಿತ್ರೆ ಬರೆದವರು ಹೇಳುತ್ತಾರೆ. ಓದುವ ಕಷ್ಟವಿಲ್ಲದೆ, ಟಿವಿ ಹಾಕಿದ ಮಾತ್ರಕ್ಕೆ ವಿಜ್ಞಾನಕಥೆಯ ಅಂಗಳಕ್ಕೆ ನುಗ್ಗಿದವರು ಎಂಬ ತಾತ್ಸಾರ ಹಿರಿಯರಲ್ಲಿತ್ತು. ಸ್ವತಃ ಅಸಿಮೋವ್ 1966ರಲ್ಲಿ ‘ಟಿವಿ ಗೈಡ್’ ಪತ್ರಿಕೆಯಲ್ಲಿ ಟಿವಿಯ ವಿಜ್ಞಾನಕಥೆಗಳ ತಪ್ಪುಗಳನ್ನು ಹೆಕ್ಕಿ ಗೇಲಿ ಮಾಡಿದವರು. ಮುಂದೆ ಅವರೇ ಈ ಸರಣಿಯ ಅಭಿಮಾನಿಯಾಗಿ, ರಾಡನ್‌ಬೆರಿಯ ಗೆಳೆಯನಾಗಿ, 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ದೊಡ್ಡ ಟ್ರೆಕ್ ಸಮ್ಮೇಳನದಲ್ಲಿ ಅತಿಥಿಯಾಗಿ ಕೂತರು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದ ಆ ಹೋಟೆಲಿಗೆ ಮೂರು ಸಾವಿರದಷ್ಟು ಮಂದಿ ನುಗ್ಗಿದ್ದರು.

ಆ ಮೂರು ಸಾವಿರದಲ್ಲಿ ತಾನು ಬರೀ ಟ್ರೆಕ್ಕಿ ಎಂದು ಒಪ್ಪಿಕೊಂಡು ಸುಮ್ಮನಿರಲು ಎಷ್ಟು ಜನಕ್ಕೆ ಮನಸ್ಸಾದೀತು? ಎಪ್ಪತ್ತರ ದಶಕದಲ್ಲೇ ‘ನಾವು ಟ್ರೆಕ್ಕರ್’ ಎನ್ನುವವರು ಬೇರೆ ಪಂಕ್ತಿ ಹಾಕಿಕೊಂಡರು. ಅವರ ಪ್ರಕಾರ ಟ್ರೆಕ್ಕಿ ಎಂದರೆ ಸ್ಪಾಕ್‌ನ ಪಟ ತಲೆದಿಂಬಿನಡಿ ಇಟ್ಟುಕೊಳ್ಳುವ ಹದಿನಾರರ ಹುಡುಗಿ. ಟ್ರೆಕ್ಕರ್ ಎಂದರೆ ಹಡಗಿನ ವಾರ್ಪ್ ಎಂಜಿನ್ನಿನ ತತ್ವ ಚರ್ಚಿಸುವ ಗಂಭೀರ ಮನುಷ್ಯ. ಇಲ್ಲೊಂದು ಕಿತಾಪತಿ ಇದೆ, ಅದನ್ನು ಹೇಳಲೇಬೇಕು. ಈ ಅಭಿಮಾನಿ ಲೋಕವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಹೆಂಗಸರು. 1967ರಲ್ಲೇ ‘ಸ್ಪಾಕನೇಲಿಯಾ’ ಎಂಬ ಮೊದಲ ಅಭಿಮಾನಿ ಪತ್ರಿಕೆ ಹೊರಡಿಸಿದವರು ಡೆವ್ರಾ ಲ್ಯಾಂಗ್ಸಮ್ ಮತ್ತು ಷರ್ನಾ ಕಮರ್‌ಫೋರ್ಡ್ ಎಂಬ ಇಬ್ಬರು ಹೆಂಗಸರು. ಕರ್ಕ್ ಮತ್ತು ಸ್ಪಾಕ್ ನಡುವೆ ಬರೀ ಸ್ನೇಹವೇ ಇತ್ತೆ ಎಂದು ಅನುಮಾನಪಟ್ಟು, ಇಬ್ಬರ ಹೆಸರಿನ ನಡುವೆ ಒಂದು ಓರೆಗೆರೆ ಎಳೆದು, ‘ಸ್ಲ್ಯಾಷ್’ ಎಂಬ ಒಂದು ಕಥಾಪ್ರಕಾರವನ್ನೇ ಹುಟ್ಟಿಸಿದವರೂ ಹೆಂಗಸರೇ. ಆ ಗೆರೆಯ ಅತ್ತ ಇತ್ತ ನಿಂತವರ ಜಗಳಕ್ಕೇ ಇನ್ನೊಂದು ಹರಟೆ ಬೇಕಾದೀತು. ಇಷ್ಟೆಲ್ಲ ಆದಮೇಲೆ ಗೌರವದ ಹೆಸರಿಗೆ ಗಂಡಸಿನ ಮುಖ, ಗೇಲಿಯ ಹೆಸರಿಗೆ ಹುಡುಗಿಯ ಮುಖ!

ಹೆಂಗಸರೂ ಸುಮ್ಮನೆ ಬಿಡಲಿಲ್ಲ, ತಮ್ಮವರನ್ನೇ ಹಿಡಿದುಕೊಂಡರು. ಅಭಿಮಾನಿ ಪತ್ರಿಕೆಗಳಿಗೆ ಬರುತ್ತಿದ್ದ ಕಥೆಗಳಲ್ಲಿ ಪದೇ ಪದೇ ಒಬ್ಬಳೇ ನಾಯಕಿ ಬರುತ್ತಿದ್ದಳು: ಬೆಳದಿಂಗಳ ಬಾಲೆ, ಸಕಲಕಲಾವಲ್ಲಭೆ, ಹಡಗಿನವರೆಲ್ಲ ಅವಳ ಕಾಲಿಗೆ ಬೀಳುವವರೇ. ಓದಿ ಓದಿ ಸಾಕಾದ ಪೌಲಾ ಸ್ಮಿತ್ 1973ರಲ್ಲಿ ‘ಎ ಟ್ರೆಕ್ಕೀಸ್ ಟೇಲ್’ ಎಂಬ ಪುಟಾಣಿ ಅಣಕ ಬರೆದರು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸ್ಯೂಗೆ ಹದಿನೈದೂವರೆ ವರ್ಷ. ನೌಕಾದಳದಲ್ಲೇ ಅತಿ ಕಿರಿಯಳು, ಹಡಗು ನಡೆಸಬಲ್ಲಳು, ಕೊನೆಗೆ ಎಲ್ಲರೂ ಬಿಕ್ಕಿಬಿಕ್ಕಿ ಅಳುತ್ತಿರುವಾಗ ಸಾಯುತ್ತಾಳೆ. ಆ ಮೇರಿ ಸ್ಯೂ ಎಂಬ ಹೆಸರು ಇಂದು ಜಗತ್ತಿನ ಎಲ್ಲ ಕಥಾಲೋಕಗಳಲ್ಲೂ ಅತಿ ಪರಿಪೂರ್ಣ ನಾಯಕಿಯರ ಬೆನ್ನಿಗೆ ಬೀಳುವ ಮುದ್ರೆ.

ಇವರೆಲ್ಲ ಒಗ್ಗಟ್ಟಾಗಿದ್ದ ಕಾಲವೂ ಇತ್ತು. ಎರಡನೆಯ ಸೀಸನ್ ನಡೆಯುತ್ತಿದ್ದಾಗ ಸರಣಿ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿ, ಬೀಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿ ದೇಶದಾದ್ಯಂತ ಪತ್ರ ಚಳವಳಿ ಹೂಡಿದರು. ಎನ್‌ಬಿಸಿಯ ಲೆಕ್ಕದಲ್ಲಿ ಬಂದ ಪತ್ರ ಒಂದು ಲಕ್ಷಕ್ಕೂ ಮಿಕ್ಕಿ. ಭಕ್ತರ ಬಾಯಲ್ಲಿ ಅದು ಹತ್ತು ಲಕ್ಷ. 1968ರ ಮಾರ್ಚ್ 1ರಂದು ‘ಸರಣಿ ಮುಂದುವರಿಯುತ್ತದೆ’ ಎಂದು ಟಿವಿಯಲ್ಲೇ ಘೋಷಿಸಿ ಕಂಪನಿ ಕೈಚೆಲ್ಲಿತು. ಮುಂದುವರಿಸಿದ್ದು ಎಲ್ಲಿ? ಹರೆಯದವರೆಲ್ಲ ಊರು ಸುತ್ತಲು ಹೋಗುವ ಶುಕ್ರವಾರ ರಾತ್ರಿ ಹತ್ತಕ್ಕೆ. ಅಷ್ಟು ಹೋರಾಡಿ ಉಳಿಸಿಕೊಂಡ ಮೂರನೆಯ ಸೀಸನ್ ಶುರುವಾಗಿದ್ದು ‘ಸ್ಪಾಕ್ಸ್ ಬ್ರೇನ್’ ಎಂಬ ಕಂತಿನಿಂದ. ಯಾರೋ ಬಂದು ಸ್ಪಾಕ್‌ನ ಮೆದುಳನ್ನೇ ಕದ್ದೊಯ್ಯುತ್ತಾರೆ, ಕರ್ಕನ ಪಡೆ ಮೆದುಳಿಲ್ಲದ ಸ್ಪಾಕ್‌ನನ್ನು ರಿಮೋಟಿನಲ್ಲಿ ನಡೆಸಿಕೊಂಡು ಹುಡುಕಲು ಹೊರಡುತ್ತದೆ. ಇದು ಅತಿ ಕೆಟ್ಟ ಕಂತು ಎನ್ನುವುದರಲ್ಲಿ ಮಾತ್ರ ಎಲ್ಲ ಪಂಗಡಗಳಿಗೂ ಬಹುತೇಕ ಒಮ್ಮತವಿದೆ.

ಅದೇ ಸೀಸನ್ನಿನಲ್ಲಿ ಐಕ್ಯದ ಲಾಂಛನವೊಂದೂ ಬಂತು. ತ್ರಿಕೋನ, ವೃತ್ತ ಕೂಡಿದ ಒಂದು ಪದಕ. ‘ಐಡಿಕ್’ ಎಂದು ಹೆಸರು. ಅನಂತ ವೈವಿಧ್ಯ ಅನಂತ ಬಗೆಗಳಲ್ಲಿ ಕೂಡಿ ಬಾಳುವುದೇ ಚೆಲುವು ಎಂಬ, ಸ್ಪಾಕ್‌ನ ವಲ್ಕನ್ ಜನಾಂಗದ ದರ್ಶನ ಅದರಲ್ಲಿದೆಯಂತೆ. ಅದು ಕಥೆಯೊಳಗೆ ಬಂದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಅಂಚೆಯಲ್ಲಿ ಟ್ರೆಕ್ ಸಾಮಾನು ಮಾರುವ ರಾಡನ್‌ಬೆರಿಯದೇ ವ್ಯಾಪಾರಕ್ಕೆ ಪದಕಗಳು ಬೇಕಿದ್ದವು. ಇದು ಜಾಹೀರಾತು ಎಂದು ಕರ್ಕ್ ಮತ್ತು ಸ್ಪಾಕ್ ಪಾತ್ರಗಳ ನಟರಾದ ಶಾಟ್ನರ್ ಮತ್ತು ನಿಮಾಯ್ ಚಿತ್ರೀಕರಣದಲ್ಲೇ ತಕರಾರು ತೆಗೆದರು. ಪದಕ ಮಾತ್ರ ಉಳಿಯಿತು. ಇವತ್ತು ಟ್ರೆಕ್ಕಿಯೂ ಟ್ರೆಕ್ಕರೂ ಅದನ್ನೇ ಕೊರಳಿಗೆ ಹಾಕಿಕೊಂಡು ಕಿತ್ತಾಡುತ್ತಾರೆ. ಪಾಪ ನಿಮಾಯ್, ತಾನು ಯಾರ ಪೈಕಿ ಎಂಬುದು ಅವನಿಗೇ ಬಗೆಹರಿದಿರಲಿಲ್ಲ. 1975ರಲ್ಲಿ ‘ಐ ಆಮ್ ನಾಟ್ ಸ್ಪಾಕ್’ ಎಂದು ಆತ್ಮಕಥೆ ಬರೆದವನು, ಇಪ್ಪತ್ತು ವರ್ಷ ಭಕ್ತರ ಮುನಿಸು ಉಂಡು, 1995ರಲ್ಲಿ ‘ಐ ಆಮ್ ಸ್ಪಾಕ್’ ಎಂದು ಇನ್ನೊಂದು ಬರೆದ.

ಇನ್ನು ನಮ್ಮ ಪೈಕಿ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ಇದನ್ನು ತೋರಿಸುತ್ತಿತ್ತು. ಈ ಲೋಕದ ಮೊದಲ ಪಾಠವೇ ಕೆಂಪಂಗಿಯವನು ಗ್ರಹಕ್ಕೆ ಇಳಿದರೆ ಸತ್ತ ಎಂದೇ ಲೆಕ್ಕ ಎಂಬುದು. ನಮ್ಮ ಕಪ್ಪು ಬಿಳುಪು ಟಿವಿಯಲ್ಲಿ ಎಲ್ಲ ಅಂಗಿಯೂ ಬೂದಿ ಬಣ್ಣವೇ ಆಗಿದ್ದರಿಂದ ಯಾರು ಸಾಯುತ್ತಾರೆ ಎಂಬ ಕುತೂಹಲ ಕೊನೆಯವರೆಗೂ ಉಳಿಯುತ್ತಿತ್ತು. ಬಣ್ಣದಲ್ಲಿ ನೋಡಿದವರಿಗೆ ಆ ಭಾಗ್ಯವಿಲ್ಲ. ಹಾಗಾಗಿ ದೂರದರ್ಶನದ ಪೈಕಿಯವರೇ ಶ್ರೇಷ್ಠರು ಎಂದು ನಾನೂ ಒಂದು ಪಂಗಡ ಕಟ್ಟಿಕೊಂಡಿದ್ದೇನೆ. ಸದಸ್ಯರು ಬೇಕಾಗಿದ್ದಾರೆ.

ಟ್ರೆಕ್ಕಿ, ಟ್ರೆಕ್ಕರ್ ಇಬ್ಬರಿಗೂ ಒಟ್ಟಿಗೆ ಏಟು ಬಿದ್ದದ್ದು 1986ರ ಡಿಸೆಂಬರಿನಲ್ಲಿ. ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಶಾಟ್ನರ್, ಅಂದರೆ ಸಾಕ್ಷಾತ್ ಕ್ಯಾಪ್ಟನ್ ಕರ್ಕ್, ಸಮ್ಮೇಳನದ ವೇದಿಕೆ ಮೇಲೆ ನಿಂತು ಅಭಿಮಾನಿಗಳಿಗೆ ‘ಗೆಟ್ ಎ ಲೈಫ್!’ ಎಂದು ಗದರಿಸಿದ. ಮೂವತ್ತರ ಹತ್ತಿರ ಬಂದವನನ್ನು ಹಿಡಿದು, ಜನ್ಮದಲ್ಲಿ ಒಂದು ಹುಡುಗಿಗಾದರೂ ಮುತ್ತು ಕೊಟ್ಟಿದ್ದೀಯಾ ಎಂದು ಕೇಳಿದ. ಭಕ್ತರೆಲ್ಲ ತಮ್ಮನ್ನೇ ಬೈದ ಎಂದು ನೊಂದಿರಬೇಕು ಎಂದುಕೊಂಡಿರಾ? ನನ್ನ ಊಹೆ ಬೇರೆ. ಪ್ರತಿಯೊಬ್ಬನೂ ಪಕ್ಕದವನಿಗೆ ಹೇಳಿದ್ದು ಎಂದುಕೊಂಡು ತಲೆದೂಗಿರುತ್ತಾನೆ. ಆ ಪ್ರಹಸನದ ಕೊನೆಗೆ ಶಾಟ್ನರ್ ಮಾತು ತಿರುಗಿಸುತ್ತಾನೆ: ನಾನು ಈಗ ಆಡಿ ತೋರಿಸಿದ್ದು 37ನೆಯ ಕಂತಾದ ‘ದಿ ಎನಿಮಿ ವಿದಿನ್’ನಲ್ಲಿ ಬರುವ ದುಷ್ಟ ಕರ್ಕನ ಪಾತ್ರ ಎಂದು. ನಿಜವಾದ ಭಕ್ತ ಥಟ್ಟನೆ ಹೇಳಬಲ್ಲ, ಅದು 37ನೆಯದಲ್ಲ, ಐದನೆಯದು. ಬೈಸಿಕೊಳ್ಳುವಾಗಲೂ ಬೈದವನ ಲೆಕ್ಕ ತಿದ್ದುವವರನ್ನು ಬೈದು ಏನು ಪ್ರಯೋಜನ?

ಮರುವರ್ಷ ಮನೆಯೇ ಒಡೆಯಿತು. 1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಎಂಬ ಹೊಸ ಸರಣಿ ಬಂತು. ಕ್ಯಾಪ್ಟನ್ ಪಿಕಾರ್ಡ್ ಬಂದ. ಬೋಳುತಲೆ, ಚಹಾ ಕುಡಿಯುವ ಚಾಳಿ, ಹುಟ್ಟು ಫ್ರಾನ್ಸಿನಲ್ಲಿ, ಉಚ್ಚಾರ ಮಾತ್ರ ಅಪ್ಪಟ ಇಂಗ್ಲಿಷ್ ನಾಟಕಮಂಡಳಿಯದು. ಕರ್ಕನಿಲ್ಲದ ಟ್ರೆಕ್ ಟ್ರೆಕ್ಕೇ ಅಲ್ಲ ಎಂದು ಹಳಬರು ಮುಖ ತಿರುಗಿಸಿದರು. ಅದು ಏಳು ವರ್ಷ, 178 ಕಂತು ಓಡಿತು. ಹಳೆಯದು ಮೂರೇ ವರ್ಷ, 79. ಇದು ಹೊಸಬರ ವಾದ. ಗೆದ್ದದ್ದರ ಲೆಕ್ಕ ಯಾಕೆ, ಹುಟ್ಟಿದ್ದರ ಲೆಕ್ಕ ಹೇಳಿ ಎನ್ನುವುದು ಹಳಬರ ವಾದ. ಅಳಿಯ ಪಿಕಾರ್ಡನ ಕಡೆ. ಅವನ ಹೆಂಡತಿ 1993ರಲ್ಲಿ ಶುರುವಾದ ‘ಡೀಪ್ ಸ್ಪೇಸ್ ನೈನ್’ ಕಡೆ. ಅದರಲ್ಲಿ ಹಡಗಿನ ಬದಲು ಒಂದೇ ಕಡೆ ನಿಂತ ಬಾಹ್ಯಾಕಾಶ ನಿಲ್ದಾಣ.

‘ಇವ್ನ ಮಾತು ಕೇಳ್ಬೇಡಿ ಮಾವ’ ಎಂದಳು ಅವಳು, ಫೋನು ಕಿತ್ತುಕೊಂಡು. ‘ಇವ್ರದ್ದು ವಾರಕ್ಕೊಂದು ಗ್ರಹ, ವಾರಕ್ಕೊಂದು ಉಪದೇಶ. ನಮ್ಮದ್ರಲ್ಲಿ ಮಾಡಿದ್ದನ್ನ ಉಣ್ಣಬೇಕು, ಎದ್ದು ಮುಂದಿನೂರಿಗೆ ಹೋಗೋ ಹಾಗಿಲ್ಲ.’

‘ಅದನ್ನ ಬ್ಯಾಬಿಲಾನ್ ಫೈವ್‌ನಿಂದ ಕದ್ದಿದ್ದು, ಅದನ್ನೂ ಹೇಳು’ ಎಂದ ಅಳಿಯ ಹಿಂದಿನಿಂದ. ಅಲ್ಲಿಗೆ ಆ ಮನೆಯಲ್ಲಿ ಊಟ ತಡವಾಗುವುದು ಖಾತ್ರಿಯಾಯಿತು.

ಈ ಕಳವಿನ ಆರೋಪ ಚಿಲ್ಲರೆಯದಲ್ಲ. ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ 1989ರಲ್ಲೇ ತನ್ನ ನಿಲ್ದಾಣದ ಕಥೆಯನ್ನು ಸ್ಟಾರ್ ಟ್ರೆಕ್ಕಿನ ಒಡೆಯರಾದ ಪ್ಯಾರಮೌಂಟ್‌ಗೆ ತೋರಿಸಿದ್ದರು. ಅಲ್ಲಿ ಬೇಡವೆಂದದ್ದು ಬೇರೆ ಕಡೆ ‘ಬ್ಯಾಬಿಲಾನ್ 5’ ಆಗಿ 1993ರ ಫೆಬ್ರುವರಿಯಲ್ಲಿ ತೆರೆಗೆ ಬಂತು. ಅಷ್ಟರಲ್ಲಿ, ಹಿಂದಿನ ತಿಂಗಳೇ, ಪ್ಯಾರಮೌಂಟ್‌ನ ನಿಲ್ದಾಣ ಬಂದಾಗಿತ್ತು! ಎರಡು ನಿಲ್ದಾಣಗಳ ಭಕ್ತರು ವರ್ಷಗಟ್ಟಲೆ ಕಚ್ಚಾಡಿದರು. ಕೊನೆಗೆ ರಾಜಿಗೆ ಇಳಿದವರು ಮೇಜಲ್ ಬ್ಯಾರೆಟ್. ಇವರು ರಾಡನ್‌ಬೆರಿಯ ಹೆಂಡತಿ. ತಿರಸ್ಕೃತವಾದ ಮೊಟ್ಟಮೊದಲ ಮಾದರಿ ಕಂತಿನಿಂದಲೇ ಟ್ರೆಕ್ಕಿನಲ್ಲಿದ್ದವರು, ನರ್ಸ್ ಆಗಿ ನಟಿಸಿದವರು, ಹಡಗಿನ ಕಂಪ್ಯೂಟರಿಗೆ ದನಿ ಕೊಟ್ಟವರು. ಭಕ್ತರ ಪಾಲಿಗೆ ಮನೆಯ ಯಜಮಾನಿ. ಗಂಡ ತೀರಿಕೊಂಡು ನಾಲ್ಕು ವರ್ಷದ ಮೇಲೆ, 1996ರಲ್ಲಿ, ಅವರು ನೆಟ್ಟಗೆ ಎದುರಾಳಿಯ ಅಂಗಳಕ್ಕೆ ಹೋಗಿ ‘ಬ್ಯಾಬಿಲಾನ್ 5’ರ ಒಂದು ಕಂತಿನಲ್ಲಿ ನಟಿಸಿದರು. ಪಾತ್ರ ಯಾವುದು ಗೊತ್ತೆ? ತೀರಿಹೋದ ಚಕ್ರವರ್ತಿಯ ವಿಧವೆ, ಭವಿಷ್ಯ ನುಡಿಯುವವಳು. ಇಷ್ಟು ಚೊಕ್ಕವಾಗಿ ಪಂಚಾಯ್ತಿ ಮಾಡಿದ ಇನ್ನೊಬ್ಬರನ್ನು ಈ ಲೋಕ ಕಂಡಿಲ್ಲ. ಎಷ್ಟೋ ಕಡೆ ಜಗಳ ತಣಿಯಿತು, ಸನಿವೇಲ್ ಒಂದನ್ನು ಬಿಟ್ಟು.

ಸಿನಿಮಾಗಳದು ಮತ್ತೊಂದು ಶಾಸ್ತ್ರ. ಸಮಸಂಖ್ಯೆಯವು ಚೆನ್ನ, ಬೆಸಸಂಖ್ಯೆಯವು ಕೆಟ್ಟವು ಎಂಬುದು ಭಕ್ತರ ಸೂತ್ರ. ಎರಡನೆಯದು ‘ರಾತ್ ಆಫ್ ಖಾನ್’, ಶಿಖರ. ಐದನೆಯದು ಶಾಟ್ನರನೇ ನಿರ್ದೇಶಿಸಿದ್ದು, ಪ್ರಪಾತ. 2002ರಲ್ಲಿ ಹತ್ತನೆಯದಾದ ‘ನೆಮೆಸಿಸ್’ ಕೆಟ್ಟದಾಗಿ ಬಂದು ಸೂತ್ರ ಹರಿಯಿತು. ಭಕ್ತರು ಸೋಲೊಪ್ಪಿದರೆ? ಪಂಚಾಂಗದಲ್ಲಿ ಅಧಿಕಮಾಸ ಸೇರಿಸಿದಂತೆ ಮಧ್ಯೆ ಇನ್ನೊಂದನ್ನು ತುರುಕಿದರು. 1999ರ ‘ಗ್ಯಾಲಕ್ಸಿ ಕ್ವೆಸ್ಟ್’, ಇದೇ ಅಭಿಮಾನಿಗಳನ್ನು ಗೇಲಿಮಾಡುವ ಬೇರೆಯದೇ ಸಿನಿಮಾ. ಅದನ್ನು ಹತ್ತನೆಯದು ಎಂದು ಎಣಿಸಿದರೆ ‘ನೆಮೆಸಿಸ್’ ಹನ್ನೊಂದು, 2009ರದು ಹನ್ನೆರಡು, 2013ರ ‘ಇನ್‌ಟು ಡಾರ್ಕ್‌ನೆಸ್’ ಹದಿಮೂರು. ಎಲ್ಲವೂ ಸೂತ್ರಕ್ಕೆ ಸರಿಯಾಗಿ ಕೂತವು. 2013ರಲ್ಲಿ ಲಾಸ್ ವೇಗಸ್ ಸಮ್ಮೇಳನದಲ್ಲಿ ಭಕ್ತರು ಕೂತು ಎಲ್ಲ ಸಿನಿಮಾಗಳಿಗೂ ಸ್ಥಾನ ಹಂಚಿದಾಗ ಈ ದತ್ತುಮಗುವಿಗೆ ಏಳನೆಯ ಸ್ಥಾನ ಸಿಕ್ಕಿತು. ಹೆತ್ತ ಮಗು ‘ಇನ್‌ಟು ಡಾರ್ಕ್‌ನೆಸ್’ಗೆ ಕಟ್ಟಕಡೆಯದು. ಅದರ ಹೆಸರಿನಲ್ಲಿರುವ ‘ಇನ್‌ಟು’ವಿನ ಮೊದಲಕ್ಷರ ದೊಡ್ಡದಿರಬೇಕೋ ಚಿಕ್ಕದೋ ಎಂದು ವಿಕಿಪೀಡಿಯದವರು ನಲವತ್ತು ಸಾವಿರ ಪದಗಳಷ್ಟು ವಾದ ಮಾಡಿದ್ದು ಬೇರೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಲಿಪಿ ಕೊಟ್ಟ ಹಿರಿಯರಿಗೆ ನಾವು ಋಣಿಗಳು.

ಇಂಥವರನ್ನು ಒಂದುಗೂಡಿಸಬೇಕಾದರೆ ಹೊರಗಿನವನೊಬ್ಬ ಬಾಯಿತಪ್ಪಬೇಕು. ಅದೇ 2013ರ ಮಾರ್ಚ್ 1ರಂದು ಅಧ್ಯಕ್ಷ ಒಬಾಮ ಪತ್ರಕರ್ತರೆದುರು, ವಿರೋಧಿಗಳ ಮನಸ್ಸು ತಿರುಗಿಸಲು ತಾನು ‘ಜೆಡೈ ಮೈಂಡ್ ಮೆಲ್ಡ್’ ಮಾಡಲಾರೆ ಎಂದುಬಿಟ್ಟರು. ಜೆಡೈಗಳಿರುವುದು ‘ಸ್ಟಾರ್ ವಾರ್ಸ್’ನಲ್ಲಿ, ಮೈಂಡ್ ಮೆಲ್ಡ್ ಇರುವುದು ‘ಸ್ಟಾರ್ ಟ್ರೆಕ್’ನಲ್ಲಿ. ದೇಶದ ಬಜೆಟ್ಟಿಗೆ ಕತ್ತರಿ ಬೀಳುತ್ತಿದ್ದ ದಿನ ಅದು. ಆದರೂ ಟ್ರೆಕ್ಕಿ, ಟ್ರೆಕ್ಕರ್, ಜೆಡೈ ಎಲ್ಲರೂ ಕೈಕೈ ಹಿಡಿದು ಹೌಹಾರಿದರು. ಶ್ವೇತಭವನದವರೂ ತಮಾಷೆಯ ಚಿತ್ರವೊಂದನ್ನು ಹಾಕಿ ಸಮಾಧಾನ ಮಾಡಬೇಕಾಯಿತು.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಹಣೆಯ ಜಗಳ. ಈ ಕಥೆಯಲ್ಲಿ ಕ್ಲಿಂಗಾನರು ಎಂಬ ಅನ್ಯಗ್ರಹದ ಜನಾಂಗವಿದೆ. ಅರವತ್ತರ ದಶಕದ ಕ್ಲಿಂಗಾನರು ಕಂದು ಬಣ್ಣ ಬಳಿದು ಮೀಸೆ ಅಂಟಿಸಿಕೊಂಡ ಮಾಮೂಲಿ ಮನುಷ್ಯರು. ಕೈಯಲ್ಲಿ ಕಾಸಿಲ್ಲದ ಕಾಲ. 1979ರ ಸಿನಿಮಾದಲ್ಲಿ ದುಡ್ಡು ಬಂತು, ಹಣೆಯ ಮೇಲೆ ಮೂಳೆಯ ಏಣುಗಳೂ ಎದ್ದವು. ಇದು ಎರಡು ಜನಾಂಗವೋ, ಒಂದೋ? ಭಕ್ತರು ಹದಿನೇಳು ವರ್ಷ ಗುದ್ದಾಡಿದರು. 1996ರಲ್ಲಿ ‘ಡೀಪ್ ಸ್ಪೇಸ್ ನೈನ್’ನವರು ಹಳೆಯ ಕಂತಿನೊಳಕ್ಕೇ ಕಾಲಯಾನ ಮಾಡಿ, ಹಣೆ ನುಣುಪಾದ ಹಳೆಯ ಕ್ಲಿಂಗಾನರನ್ನು ಕಂಡು ಬೆರಗಾಗಿ, ತಮ್ಮ ಜೊತೆಗಿದ್ದ ಏಣುಹಣೆಯ ವಾರ್ಫ್‌ನನ್ನು ಏನಿದು ಎಂದು ಕೇಳುತ್ತಾರೆ. ಅವನು ಗಂಟುಮುಖ ಮಾಡಿ, ಇದನ್ನು ನಾವು ಹೊರಗಿನವರ ಹತ್ತಿರ ಮಾತಾಡುವುದಿಲ್ಲ ಎಂದುಬಿಡುತ್ತಾನೆ. ಅಲ್ಲಿಗೆ ಬಿಡಬಹುದಿತ್ತು. 2005ರಲ್ಲಿ ‘ಎಂಟರ್‌ಪ್ರೈಸ್’ ಸರಣಿಯವರು ಎರಡು ಕಂತು ಖರ್ಚುಮಾಡಿ ಕಾರಣ ಹೇಳಿದರು. ಕ್ಲಿಂಗಾನರು ಮನುಷ್ಯರ ಸುಧಾರಿತ ತಳಿಯೊಂದರ ವಂಶವಾಹಿ ಕದ್ದು ಪ್ರಯೋಗ ಮಾಡಹೋಗಿ, ರೋಗ ಹಬ್ಬಿ, ಹಣೆ ಕರಗಿತಂತೆ. ಆ ತಳಿ ಯಾರ ಪೈಕಿ ಎಂದರೆ ‘ರಾತ್ ಆಫ್ ಖಾನ್’ನ ಖಾನ್ ನೂನಿಯೆನ್ ಸಿಂಗ್ ಪೈಕಿ. ಕಥೆಯಲ್ಲಿ ಅವನು ನಮ್ಮ ಉತ್ತರ ಭಾರತದವನು. ನಟಿಸಿದವರು ಮೊದಲು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್, 2013ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಆ ಜಗಳ ಬೇರೆ ಇದೆ, ಈಗ ಬೇಡ.

ಹಣೆಯ ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುವಾಗ 2017ರಲ್ಲಿ ‘ಡಿಸ್ಕವರಿ’ ಸರಣಿ ಬಂತು. ಈ ಸಲ ಕ್ಲಿಂಗಾನರ ತಲೆಯೇ ಉದ್ದ, ಒಂದು ಕೂದಲೂ ಇಲ್ಲ. ಗಲಾಟೆ ಎದ್ದಿತು. ಎರಡನೆಯ ಸೀಸನ್ನಿಗೆ ಕೂದಲು ಬೆಳೆಯಿತು. ಯುದ್ಧಕಾಲದಲ್ಲಿ ಬೋಳಿಸಿಕೊಂಡಿದ್ದರು ಎಂದು ಸಮಜಾಯಿಷಿ. ಅಳಿಯನನ್ನು ಕೇಳಿದೆ.

‘ಅದು ಸ್ಟಾರ್ ಟ್ರೆಕ್ಕೇ ಅಲ್ಲ ಮಾವ.’

‘ಹಾಗಾದ್ರೆ ನೋಡ್ಲೇ ಇಲ್ವೇನೋ?’

‘ಐದೂ ಸೀಸನ್ ನೋಡಿದೀನಿ. ನೋಡ್ದೆ ಬಯ್ಯೋಕಾಗುತ್ತಾ?’